ಹಳದಿ ಇಳಿದ ಮೇಲೆ

ಅತ್ತೆಯ ಕಣ್ಣು ಹಳದಿಯಾಗಿದೆ ಎಂದು ನಮಗೆ ಗೊತ್ತಾದದ್ದು ಒಂದು ಫೋಟೋದಿಂದ. ನೆಂಟರ ಮಗುವಿಗೆ ಚರ್ಚಿನಲ್ಲಿ ದೀಕ್ಷಾಸ್ನಾನವಿತ್ತು. ಮುಗಿಸಿಕೊಂಡು ಹೊರಗೆ ಬಂದು ಬಿಸಿಲಲ್ಲಿ ಸಾಲಾಗಿ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡೆವು. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಅತ್ತೆಯ ಕಣ್ಣು ಮಾತ್ರ ಅರಿಶಿನ ಕಲಸಿದ ಹಾಗಿತ್ತು. ‘ಇವನ ಹೊಸ ಫೋನೇ ಸರಿಯಿಲ್ಲ’ ಎಂದು ಅತ್ತೆ ಮಗನನ್ನು ಬೈದರು. ಎಷ್ಟೋ ದಿನದಿಂದ ಮೈಯೆಲ್ಲ ತುರಿಕೆ ಎಂದು ಬಾಚಣಿಗೆಯಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದರು. ಅದಕ್ಕೆ ಹೊಸ ಬಟ್ಟೆ ಸೋಪು ಕಾರಣವಾಗಿತ್ತು. ಊಟ ಸೇರುತ್ತಿರಲಿಲ್ಲ, ಅದಕ್ಕೆ ಬಿಸಿಲು ಕಾರಣವಾಗಿತ್ತು. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕಾರಣ ಸಿಗುತ್ತಿತ್ತು, ಡಾಕ್ಟರ ಹತ್ತಿರ ಹೋಗುವುದಕ್ಕೆ ಮಾತ್ರ ಸಿಗುತ್ತಿರಲಿಲ್ಲ.

ನಾನು ಈ ಮನೆಯ ಸೊಸೆ. ತವರು ಹಳೆ ಕೆಂಗೇರಿ. ಅಪ್ಪ ಹೊಲವಿದ್ದಷ್ಟು ದಿನ ರಾಗಿ ಬೆಳೆದು, ಹೊಲಕ್ಕೆ ಲೇಔಟು ಬಂದ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮನೆದೇವರೊಂದನ್ನು ಬಿಟ್ಟರೆ ಬೇರೆ ದೇವರ ಗೊಡವೆಯೇ ಇಲ್ಲದ ಅಂಥ ಮನೆಯಿಂದ ಬಂದು, ಬಿ.ಎಡ್. ಓದುವಾಗ ಪರಿಚಯವಾದ ರಾಜಾಜಿನಗರದ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾದೆ. ಮತಾಂತರವಾಗಲಿಲ್ಲ. ಆಗು ಎಂದು ಅತ್ತೆ ಒಂದು ದಿನವೂ ಕೇಳಲಿಲ್ಲ. ‘ನಿನ್ನ ದೇವ್ರು ನಿಂಗೆ, ನನ್ನ ಮಾತೆ ನಂಗೆ, ಅಡುಗೆಮನೆ ಇಬ್ರಿಗೂ’ ಎಂದು ಮೊದಲ ವಾರವೇ ತೀರ್ಮಾನ ಕೊಟ್ಟಿದ್ದರು. ನಾನು ವಿಜಯನಗರದ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬಾಯಿ ಸ್ವಲ್ಪ ಜೋರು ಎಂದು ಎರಡೂ ಮನೆಯವರು ಒಪ್ಪಿದ್ದಾರೆ. ಆದರೆ ಆ ವರ್ಷ ನಾನು ಬಾಯಿ ಮುಚ್ಚಿಕೊಂಡು ಇದ್ದಷ್ಟು ಹುಟ್ಟಿದ ಮೇಲೆ ಯಾವತ್ತೂ ಇದ್ದವಳಲ್ಲ.

ಸ್ಕ್ಯಾನಾಯಿತು, ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದ್ದೂ ಆಯಿತು. ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರು ಮಾವನನ್ನು, ನನ್ನ ಗಂಡನನ್ನು, ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಪ್ಯಾಂಕ್ರಿಯಾಸಿನಲ್ಲಿ ಗಡ್ಡೆ, ಕ್ಯಾನ್ಸರ್. ಅದು ಪಿತ್ತದ ನಾಳವನ್ನು ಒತ್ತಿ ಹಿಡಿದಿರುವುದರಿಂದ ಕಾಮಾಲೆ. ಆಪರೇಷನ್ ಮಾಡುವ ಹಂತ ದಾಟಿದೆ. ನಾಳದೊಳಗೆ ಒಂದು ಸಣ್ಣ ಪೈಪು ಇಟ್ಟರೆ ಹಳದಿ ತಾನಾಗಿ ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಊಟ ಸೇರುತ್ತದೆ. ಹಾಗೆಂದು ಗಡ್ಡೆ ಹೋಯಿತು ಎಂದಲ್ಲ. ಹಳದಿ ಇಳಿದ ಕೂಡಲೇ ಕೀಮೋ ಶುರು ಮಾಡಬೇಕು. ಪೂರ್ತಿ ವಾಸಿಯಾಗುವುದಿಲ್ಲ, ಒಂದಷ್ಟು ಕಾಲ ಸಿಗುತ್ತದೆ. ಮೈಯಲ್ಲಿ ಶಕ್ತಿ ಇರುವಾಗಲೇ ಕೊಡಬೇಕು, ತಡ ಮಾಡಬೇಡಿ. ಇಷ್ಟನ್ನೂ ಅವರು ನಿಧಾನವಾಗಿ, ಪಾಠ ಹೇಳುವ ಹಾಗೆ ಹೇಳಿದರು.

ಮಾವ ಕೇಳಿದ್ದು ಒಂದೇ ಪ್ರಶ್ನೆ. ‘ಅವಳಿಗೆ ಹೇಳ್ಲೇಬೇಕಾ ಸಾರ್?’

‘ಹೇಳೋದು ಒಳ್ಳೇದು. ಟ್ರೀಟ್‌ಮೆಂಟ್ ತಗೊಳ್ಳೋರು ಅವ್ರು. ನೀವು ಮನೆಯವ್ರು ಕೂತು ಯೋಚ್ನೆ ಮಾಡಿ’ ಎಂದರು ಡಾಕ್ಟರು.

ಕೂತು ಯೋಚನೆ ಮಾಡುವ ಕೆಲಸ ಲಿಫ್ಟಿನ ಪಕ್ಕ ನಿಂತಲ್ಲೇ ಮುಗಿಯಿತು. ಮಾವ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗದ ಸದ್ದಿನ ನಡುವೆ ವಯಸ್ಸು ಕಳೆದವರು. ಮಾತಾಡಿದರೆ ಈಗಲೂ ಊರಿಗೆಲ್ಲ ಕೇಳಬೇಕು. ಅವತ್ತು ಮಾತ್ರ ಅವರ ದನಿ ಪಿಸುಗುಟ್ಟುವಷ್ಟು ಇಳಿದಿತ್ತು. ‘ಆ ಹೆಸ್ರು ಅವಳ ಕಿವಿಗೆ ಬೀಳಕೂಡ್ದು. ಅವಳ ಅಕ್ಕನಿಗೆ ಹೇಳಿದ್ರು. ಅವತ್ತು ಗೋಡೆ ಕಡೆ ತಿರುಗಿ ಮಲಗ್ದೋಳು ಮತ್ತೆ ಈ ಕಡೆ ತಿರುಗ್ಲೇ ಇಲ್ಲ. ಕಾಯ್ಲೆಗಿಂತ ಮುಂಚೆ ಹೆಸ್ರೇ ಕೊಂದ್ಹಾಕ್ತು ಅವಳ್ನ.’

‘ಮಾವ, ಅತ್ತೆ ಚಿಕ್ಕ ಮಗು ಅಲ್ಲ. ಗೊತ್ತಿಲ್ದೆ ಕೀಮೋ ಹೇಗೆ ತಗೋತಾರೆ?’ ಎಂದೆ.

ಗಂಡ ನನ್ನ ಮೊಣಕೈ ಹಿಡಿದು ಈಚೆಗೆ ಕರೆದುಕೊಂಡು ಬಂದ. ‘ಇದು ನಮ್ಮ ಮನೆ ವಿಷ್ಯ ಕಣೇ. ಡ್ಯಾಡಿ ಹೇಳ್ದಂಗೆ ಇರ್ಲಿ ಬಿಡು.’ ಅವನು ಬೇಕೆಂದು ಹಾಗೆ ಹೇಳಲಿಲ್ಲ, ಅಳು ತಡೆದುಕೊಳ್ಳುತ್ತಿದ್ದ. ಆದರೂ ‘ನಮ್ಮ ಮನೆ’ ಎನ್ನುವ ಮಾತು ನನಗೆ ನಾಟಿತು. ಇಷ್ಟು ವರ್ಷ ನಾನು ಅನ್ನ ಬೇಯಿಸಿದ್ದು ಯಾರ ಮನೆಯಲ್ಲಿ ಎಂದು ಕೇಳಬೇಕೆನಿಸಿತು. ಅವನ ಮುಖ ನೋಡಿ ಕೇಳಲಿಲ್ಲ.

ಹೀಗೆ ಅತ್ತೆಗೆ ನಾವು ಕೊಟ್ಟ ಕಾಯಿಲೆಯ ಹೆಸರು ಕಾಮಾಲೆ. ಪಿತ್ತದ ದಾರಿಯಲ್ಲಿ ಕಲ್ಲೊಂದು ಸಿಕ್ಕಿಕೊಂಡಿತ್ತು, ತೆಗೆದಿದ್ದಾರೆ, ಪೈಪು ಇಟ್ಟಿದ್ದಾರೆ, ಲಿವರ್ ಸ್ವಲ್ಪ ವೀಕು, ಮುಂದೆ ಒಂದಷ್ಟು ಡ್ರಿಪ್ ಹಾಕಿಸಿಕೊಳ್ಳಬೇಕು.

‘ಕಲ್ಲು ಎಲ್ಲೋ?’ ಎಂದು ಅತ್ತೆ ಮಗನನ್ನು ಕೇಳಿದರು. ‘ಪಕ್ಕದ ಮನೆ ಆಂಟಿಗೆ ಡಬ್ಬೀಲಿ ಹಾಕಿ ಕೊಟ್ಟಿದ್ರು. ಬಂದೋರಿಗೆಲ್ಲ ತೋರಿಸ್ತಿದ್ರು.’

‘ಪುಡಿ ಆಗೋಯ್ತಂತೆ ಮಮ್ಮಿ.’

‘ಅದೂ ಇಲ್ವಾ ನನ್ನ ಹಣೇಲಿ’ ಎಂದು ಅತ್ತೆ ನಕ್ಕರು. ನಾವೂ ನಕ್ಕೆವು.

ಕಾಮಾಲೆ ಎಂದ ಮೇಲೆ ಮುಂದಿನದನ್ನು ಅತ್ತೆಯೇ ಗೊತ್ತು ಮಾಡಿದರು. ವೇಳಾಂಕಣ್ಣಿಗೆ ಹೋಗಬೇಕು. ತಮಿಳುನಾಡಿನ ಕಡಲ ದಂಡೆಯಲ್ಲಿರುವ ಆರೋಗ್ಯ ಮಾತೆಯ ಆ ಕ್ಷೇತ್ರಕ್ಕೆ ಬೆಂಗಳೂರಿನಿಂದ ಜನ ಹೋಗುತ್ತಲೇ ಇರುತ್ತಾರೆ. ಕಾವಿ ಬಟ್ಟೆ ತೊಟ್ಟು ನಡೆದುಕೊಂಡು ಹೋಗುವವರೂ ಇದ್ದಾರೆ. ಕಾಯಿಲೆಯವರು ಅಲ್ಲಿ ಹರಕೆಯಾಗಿ ನೋವಿರುವ ಅಂಗವನ್ನೇ ಬೆಳ್ಳಿಯ ತಗಡಿನಲ್ಲಿ ಮಾಡಿದ್ದನ್ನು ಒಪ್ಪಿಸುತ್ತಾರೆ. ಕಣ್ಣಿನ ತೊಂದರೆಗೆ ಕಣ್ಣು, ಕಾಲಿಗೆ ಕಾಲು. ನನ್ನ ಗಂಡ ಚಿಕ್ಕವನಿದ್ದಾಗ ಅವನ ಕಿವಿ ಸೋರುತ್ತದೆ ಎಂದು ಅತ್ತೆ ಬೆಳ್ಳಿಯ ಕಿವಿ ಕೊಟ್ಟು ಬಂದಿದ್ದರಂತೆ. ‘ಸೋರೋದು ನಿಲ್ತು. ಆದ್ರೆ ನಾವು ಹೇಳಿದ್ದು ಕೇಳೋದೂ ನಿಲ್ತು’ ಎಂದು ಮಾವ ಆ ಕತೆಯನ್ನು ಪ್ರತಿ ಸಲವೂ ಮುಗಿಸುತ್ತಿದ್ದರು.

ಹಳದಿ ಇಳಿಯಲು ಹೇಗೂ ಸ್ವಲ್ಪ ದಿನ ಬೇಕು, ಹೋಗಿಬನ್ನಿ, ಆದರೆ ಬಂದ ಕೂಡಲೇ ಇಲ್ಲಿಗೆ ಬನ್ನಿ ಎಂದು ಡಾಕ್ಟರು ಒಪ್ಪಿದರು. ಕಾರು ಮಾಡಿಕೊಂಡು ನಾಲ್ಕೂ ಜನ ಹೊರಟೆವು. ಅತ್ತೆ ಕಾವಿ ಬಣ್ಣದ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತು ಜಪಸರ ಎಣಿಸುತ್ತಾ, ನಡುನಡುವೆ ಡ್ರೈವರಿಗೆ ನಿಧಾನ ಹೋಗಪ್ಪಾ ಎನ್ನುತ್ತಾ ಇದ್ದರು. ತಂಜಾವೂರು ದಾಟಿ ಗದ್ದೆಗಳ ನಡುವೆ ಹೋಗುತ್ತಿದ್ದಾಗ ಹಿಂದಕ್ಕೆ ತಿರುಗಿ ನನ್ನನ್ನು ಕರೆದರು.

‘ಏನೇ, ಬೆಳಿಗ್ಗೆಯಿಂದ ನಾನು ಕೆರ್ಕೊಂಡೇ ಇಲ್ಲ ನೋಡು! ಇನ್ನೂ ಮುಖಾನೇ ತೋರ್ಸಿಲ್ಲ ಅಮ್ಮನಿಗೆ, ಆಗ್ಲೇ ಶುರು ಮಾಡಿದ್ದಾಳೆ.’

ಪೈಪು ಕೆಲಸ ಮಾಡುತ್ತಿದೆ ಎಂದು ನನಗೆ ಗೊತ್ತಿತ್ತು. ‘ಒಳ್ಳೇದಾಯ್ತು ಅತ್ತೆ’ ಎಂದೆ. ಪಕ್ಕದಲ್ಲಿದ್ದ ಮಾವ ಕಿಟಕಿಯ ಕಡೆ ತಿರುಗಿ ಶಿಲುಬೆ ಗುರುತು ಹಾಕಿಕೊಂಡರು.

ದೇವಾಲಯದ ದಾರಿಯ ಎರಡೂ ಕಡೆ ಅಂಗಡಿಗಳು. ಆಳೆತ್ತರದ ಮೇಣದ ಬತ್ತಿ, ಹೂವಿನ ಹಾರ, ತೆಂಗಿನ ಸಸಿ, ಎಣ್ಣೆಯ ಬಾಟಲಿ, ಹುರಿದ ಮೀನಿನ ವಾಸನೆ. ಒಂದು ಅಂಗಡಿಯಲ್ಲಿ ಬೆಳ್ಳಿಯ ತಗಡುಗಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿದ್ದರು. ಕೈ, ಕಾಲು, ಎದೆ, ಶ್ವಾಸಕೋಶ, ಮೂತ್ರಪಿಂಡ, ಗರ್ಭಕೋಶ, ತೊಟ್ಟಿಲು, ಮನೆ. ನನ್ನ ಎಂಟನೆಯ ತರಗತಿಯ ಪುಸ್ತಕವನ್ನು ಯಾರೋ ಬಿಡಿಬಿಡಿಯಾಗಿ ಕತ್ತರಿಸಿ ಮಾರಾಟಕ್ಕಿಟ್ಟ ಹಾಗಿತ್ತು.

ಅತ್ತೆ ಅದರ ಮೇಲೆ ಬಗ್ಗಿ ಹುಡುಕಿದರು. ‘ಇದ್ರಲ್ಲಿ ಲಿವರ್ ಯಾವುದೇ? ನೀನೇ ಹೇಳು ಟೀಚರಮ್ಮ. ತಪ್ಪಿ ಬೇರೆ ತಗೊಂಡ್ರೆ ಕಷ್ಟ.’

ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ ಆಕಾರ ಅದು. ಬಲಗಡೆ ದಪ್ಪ, ಎಡಗಡೆಗೆ ಸಣ್ಣಗಾಗುತ್ತಾ ಹೋಗುವುದು. ಅದರ ಕೆಳಗೆ, ಜಠರದ ಹಿಂದೆ, ಎಲೆಯ ಹಾಗೆ ಇನ್ನೊಂದನ್ನು ಬಿಡಿಸಿ ಹೆಸರು ಬರೆಯುತ್ತೇನೆ. ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬಿಟ್ಟುಬಿಡುತ್ತಾರೆ. ಆ ಬಟ್ಟೆಯ ಮೇಲೂ ಅದು ಇರಲಿಲ್ಲ. ನಾನು ಲಿವರ್ ತೋರಿಸಿದೆ. ಅತ್ತೆ ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿ, ಎದೆಗೆ ಒತ್ತಿಕೊಂಡರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ಮಾವ ಅಂಗಡಿಯವನನ್ನು ಪಕ್ಕಕ್ಕೆ ಕರೆದು ಮಿಲ್ಲಿನಲ್ಲಿ ಕಲಿತ ತಮಿಳಿನಲ್ಲಿ ಏನೋ ಕೇಳುತ್ತಿದ್ದರು. ಅವನು ಹೊಟ್ಟೆಯ ತಗಡು ತೋರಿಸಿದ. ಮಾವ ಅದಲ್ಲವೆಂದು ತಲೆಯಾಡಿಸಿ, ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಆಮೇಲೆ ಬೆನ್ನು ಮುಟ್ಟಿ ತೋರಿಸಿದರು. ಅವನು ಮೂತ್ರಪಿಂಡ ತೋರಿಸಿದ. ಹಿಂದೆ ಜನ ನೂಕುತ್ತಿದ್ದರು. ಕೊನೆಗೆ ಅವನಿಗೆ ಬೇಸರವಾಗಿ, ಇಡೀ ಹೆಂಗಸಿನ ಆಕಾರದ ತಗಡೊಂದನ್ನು ಮಾವನ ಕೈಗಿಟ್ಟು ಮುಂದಿನ ಗಿರಾಕಿಯ ಕಡೆ ತಿರುಗಿದ. ಮಾವ ಅದನ್ನು ಜೇಬಿಗೆ ಹಾಕುವಷ್ಟರಲ್ಲಿ ಅತ್ತೆ ನೋಡಿಬಿಟ್ಟರು.

‘ಅದ್ಯಾಕ್ರೀ ಇಡೀ ಹೆಂಗ್ಸು?’

‘ನಿನ್ನ ಮೈಯೆಲ್ಲ ಚೆನ್ನಾಗಿರ್ಲಿ ಅಂತ’ ಎಂದರು ಮಾವ.

ಅತ್ತೆಗೆ ನಾಚಿಕೆಯಾಯಿತು. ‘ಈ ವಯಸ್ನಲ್ಲಿ ನಿಮ್ದೊಂದು’ ಎಂದು ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ಮಾವ ಅಲ್ಲೇ ನಿಂತು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಅಲ್ಲಿ ಮರಳು ಹಾಸಿದ ಒಂದು ಉದ್ದನೆಯ ದಾರಿಯಿದೆ. ಹರಕೆ ಹೊತ್ತವರು ಅದರ ಮೇಲೆ ಮಂಡಿಯೂರಿಕೊಂಡೇ ದೇವಾಲಯದ ಕಡೆಗೆ ಹೋಗುತ್ತಾರೆ. ತಾನೂ ಹೋಗುತ್ತೇನೆ ಎಂದು ಅತ್ತೆ ಹಟ ಹಿಡಿದರು. ಬೇಡ ಎಂದು ನಾವು. ಕೊನೆಗೆ ಮಾವ ಪಂಚೆ ಎತ್ತಿ ಕಟ್ಟಿ, ‘ಇವಳ ಬದ್ಲು ನಾನು’ ಎಂದು ಮರಳಿನ ಮೇಲೆ ಕೂತೇಬಿಟ್ಟರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವ ಮಂಡಿ ಅವರದು. ಒಂದೊಂದೇ ಮಂಡಿ ಎತ್ತಿ ಮುಂದಿಡುತ್ತಾ, ನಿಲ್ಲುತ್ತಾ, ಮತ್ತೆ ಮುಂದೆ ಹೋದರು. ಅತ್ತೆ ಪಕ್ಕದಲ್ಲಿ ನಡೆಯುತ್ತಾ ಅವರ ತಲೆಗೆ ಸೆರಗಿನ ನೆರಳು ಮಾಡುತ್ತಿದ್ದರು. ‘ಕಾಯ್ಲೆ ನಂಗಾ, ಇವ್ರಿಗಾ? ಕಾಮಾಲೆಗೆ ಯಾರಾದ್ರೂ ಹಿಂಗೆ ಅಳ್ತಾರೇನೇ?’ ಎಂದು ನನ್ನನ್ನು ಕೇಳಿದರು. ಮಾವ ನಿಜಕ್ಕೂ ಅಳುತ್ತಿದ್ದರು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಿದರೆ ಸಮತೋಲ ತಪ್ಪುತ್ತಿತ್ತು. ಲಿಫ್ಟಿನ ಪಕ್ಕ ಅವರ ಮೇಲೆ ಹುಟ್ಟಿದ್ದ ಸಿಟ್ಟನ್ನು ಬೆಂಗಳೂರಿನಿಂದ ಅಲ್ಲಿಯವರೆಗೆ ಜೋಪಾನವಾಗಿ ತಂದಿದ್ದೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ವೇಲಿನಲ್ಲಿ ಅವರ ಮೂಗು ಒರೆಸಿದೆ.

ಒಳಗೆ ಅತ್ತೆ ಬೆಳ್ಳಿಯ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ಏನು ಬೇಡಿಕೊಂಡರೆಂದು ಆಮೇಲೆ ಕಾರಿನಲ್ಲಿ ಅವರೇ ಹೇಳಿದರು. ‘ಕಾಮಾಲೆ ವಾಸಿ ಮಾಡಮ್ಮ. ಊರಿಗೆ ಹೋಗಿ ಚರ್ಚಲ್ಲಿ ಎಲ್ಲರ ಮುಂದೆ ನಿಂತು ನೀನೇ ಮಾಡಿದ್ದು ಅಂತ ಸಾಕ್ಷಿ ಹೇಳ್ತೀನಿ’ ಎಂದು.

ಅವರು ಕೇಳಿದ್ದು ಆಯಿತು. ವಾಪಸ್ ಬಂದ ಮೇಲೆ ದಿನದಿನಕ್ಕೂ ಹಳದಿ ಇಳಿಯಿತು. ಕಣ್ಣು ಬೆಳ್ಳಗಾಯಿತು. ಅತ್ತೆ ಒಂದು ಬೆಳಿಗ್ಗೆ ತಾವೇ ಅಕ್ಕಿರೊಟ್ಟಿ ತಟ್ಟಿ, ಬಿಸಿಬಿಸಿಯಾಗಿ ತಿಂದು, ಇನ್ನೊಂದು ಹಾಕೇ ಎಂದರು. ನಾವು ಹೇಳಿದ ಸುಳ್ಳು ಕಾಯಿಲೆ ನಮ್ಮ ಕಣ್ಣೆದುರೇ ನಿಜವಾಗಿ ವಾಸಿಯಾಗುತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಮುಂಚೆ ಯೋಚಿಸಿರಲಿಲ್ಲ.

ಆಸ್ಪತ್ರೆಗೆ ಹೊರಡಬೇಕಾದ ದಿನ ಅತ್ತೆ ಸೀರೆ ಬದಲಾಯಿಸದೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

‘ಮಮ್ಮಿ, ಹೊರಡು. ಡ್ರಿಪ್ ಹಾಕಿಸ್ಕೋಬೇಕಲ್ಲ.’

‘ಯಾಕೆ? ಕಾಮಾಲೆ ಹೋಯ್ತಲ್ಲ. ಬ್ಲಡ್ ಟೆಸ್ಟಲ್ಲೂ ಇಳಿದಿದೆ ಅಂತ ನೀನೇ ಹೇಳ್ದೆ.’

‘ಮತ್ತೆ ಬರ್ದೇ ಇರೋಕೆ ಮಮ್ಮಿ.’

‘ಅಮ್ಮ ಕೊಟ್ಟಿದ್ದನ್ನ ಮತ್ತೆ ಕಿತ್ಕೋತಾಳಾ? ಈಗ ಹೋಗಿ ಸೂಜಿ ಚುಚ್ಚಿಸ್ಕೊಂಡ್ರೆ ಅವಳ ಮೇಲೆ ಅನುಮಾನ ಪಟ್ಟಂಗೆ. ಮೊದ್ಲು ಸಾಕ್ಷಿ ಹೇಳ್ಬೇಕು. ಆಮೇಲೆ ಬೇಕಾದ್ರೆ ಡಾಕ್ಟ್ರಿಗೆ ಒಂದು ಥ್ಯಾಂಕ್ಸ್ ಹೇಳ್ಬರೋಣ, ಪಾಪ.’

ಬೇಡಿದೆವು, ಗದರಿದೆವು. ಅತ್ತೆಯ ಹತ್ತಿರ ಪ್ರತಿಯೊಂದಕ್ಕೂ ಉತ್ತರವಿತ್ತು, ಉತ್ತರವೆಲ್ಲ ಸರಿಯಾಗಿಯೇ ಇತ್ತು. ಕಾಮಾಲೆ ಹೋದವಳಿಗೆ ಇನ್ನು ಡ್ರಿಪ್ ಯಾಕೆ? ನಾವು ಕಟ್ಟಿದ ಗೋಡೆಯ ಆಚೆ ಅವರು ಆರಾಮವಾಗಿ ಕೂತಿದ್ದರು, ಈಚೆಯಿಂದ ನಾವು ತಲೆ ಚಚ್ಚಿಕೊಳ್ಳುತ್ತಿದ್ದೆವು. ಆಸ್ಪತ್ರೆಯಿಂದ ಫೋನು ಬಂದಾಗಲೆಲ್ಲ ಗಂಡ ಮೊಬೈಲು ಹಿಡಿದು ಮಹಡಿಗೆ ಓಡುತ್ತಿದ್ದ.

ಇದರ ನಡುವೆ ಮಾವ ಬದಲಾದರು. ಒಂದು ಸಂಜೆ ಕಾಫಿ ಲೋಟ ಹಿಡಿದು, ಯಾರನ್ನೂ ನೋಡದೆ, ‘ಡಾಕ್ಟ್ರಿಗೆಲ್ಲಾ ಗೊತ್ತಿರುತ್ತಾ? ನಾನು ಮಂಡೀಲಿ ಹೋಗಿಲ್ವಾ? ಅಮ್ಮ ಪೂರ್ತಿಯಾಗೇ ವಾಸಿ ಮಾಡಿರಬಹುದು’ ಎಂದರು. ಪೈಪಿನ ಕೆಲಸ ಅದು ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಆ ಮುಖಕ್ಕೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಂದೊಂದು ಬೆಳಿಗ್ಗೆ, ಅತ್ತೆ ಅಂಗಳ ಗುಡಿಸುವ ಸದ್ದಿಗೆ ಎಚ್ಚರವಾದಾಗ, ಇದ್ದರೂ ಇರಬಹುದು ಎನಿಸುತ್ತಿತ್ತು.

ಸಾಕ್ಷಿ ಹೇಳುವ ಶನಿವಾರ ಬಂದೇಬಂತು. ಚರ್ಚಿನಲ್ಲಿ ಮಾತೆಯ ಪ್ರಾರ್ಥನೆ ಮುಗಿದ ಮೇಲೆ ಉಪಕಾರ ಪಡೆದವರು ಮುಂದೆ ಹೋಗಿ ಮೈಕಿನಲ್ಲಿ ಎರಡು ಮಾತು ಹೇಳುವುದು ಅಲ್ಲಿಯ ವಾಡಿಕೆ. ಒಬ್ಬರಿಗೆ ಕೆಲಸ ಸಿಕ್ಕಿತ್ತು, ಒಬ್ಬರ ಮಗಳಿಗೆ ಗಂಡು ಸಿಕ್ಕಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು, ರವಿಕೆ ತೋಳಿನಲ್ಲಿ ಸಡಿಲವಾಗಿತ್ತು. ‘ನಂಗೆ ಕಾಮಾಲೆ ಆಗಿತ್ತು. ಊಟ ಇರ್ಲಿಲ್ಲ, ನಿದ್ದೆ ಇರ್ಲಿಲ್ಲ. ಅಮ್ಮನ ಹತ್ರ ಹೋದೆ. ಅಮ್ಮ ನನ್ನ ಬರಿಗೈಲಿ ಕಳಿಸ್ಲಿಲ್ಲ. ಕಾಯ್ಲೆ ಇರೋರು ಯಾರೂ ಹೆದರ್ಬೇಡಿ’ ಎಂದರು. ಜನ ಚಪ್ಪಾಳೆ ತಟ್ಟಿದರು. ನಾವು ಮೂವರೂ ತಟ್ಟಿದೆವು, ತಟ್ಟದೆ ಇರುವುದು ಹೇಗೆ? ಗಂಡನ ಕಡೆ ನೋಡಿದೆ. ಅವನ ಕೈ ತಟ್ಟುತ್ತಿತ್ತು, ಮುಖ ಬಿಳಿಚಿಕೊಂಡಿತ್ತು.

ಅದಾದ ಕೆಲವು ದಿನಕ್ಕೆ ಬೆನ್ನುನೋವು ಶುರುವಾಯಿತು. ಮಾರ್ಕೆಟ್ಟಿನಿಂದ ಚೀಲ ಹೊತ್ತದ್ದಕ್ಕೆ ಎಂದು ಅತ್ತೆ ಮುಲಾಮು ಹಚ್ಚಿಕೊಂಡರು. ಅಕ್ಕಿರೊಟ್ಟಿ ಅರ್ಧಕ್ಕೇ ಉಳಿಯತೊಡಗಿತು. ಡಾಕ್ಟರು ಫೋನಿನಲ್ಲಿ, ಇನ್ನೂ ತಡವಾದರೆ ಕೀಮೋ ಕೊಡುವ ಸ್ಥಿತಿಯಲ್ಲೇ ಇರುವುದಿಲ್ಲ ಎಂದುಬಿಟ್ಟರು. ಅವತ್ತು ಅತ್ತೆ ಮಲಗಿದ್ದಾಗ ತಂದೆ ಮಗ ಇಬ್ಬರೂ ನನ್ನ ಮುಂದೆ ಬಂದು ಕೂತರು.

‘ನೀನೇ ಹೇಳಮ್ಮ’ ಎಂದರು ಮಾವ.

‘ಏನು ಮಾವ?’

‘ಅದೇ. ಹೆಸ್ರು. ನನ್ನ ಕೈಲಿ ಆಗಲ್ಲ. ಇವ್ನ ಕೈಲೂ ಆಗಲ್ಲ. ನಿನ್ನ ಮಾತು ಅಂದ್ರೆ ಅವಳಿಗೆ ನಂಬಿಕೆ.’

ಮನೆ ವಿಷಯ ಈಗ ನನ್ನದಾಯಿತು! ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ಎದ್ದು ನಿಂತೆ. ಮಾವ ತಲೆ ತಗ್ಗಿಸಿ ಮಂಡಿ ನೀವಿಕೊಳ್ಳುತ್ತಿದ್ದರು. ಮಂಡಿ ಊದಿಕೊಂಡಿದ್ದು ಇನ್ನೂ ಇಳಿದಿರಲಿಲ್ಲ. ನಿಂತವಳು ಹಾಗೆಯೇ ಒಳಗೆ ಹೋದೆ.

ಮಾರನೆಯ ಮಧ್ಯಾಹ್ನ ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದೆ. ಗಂಡಸರಿಬ್ಬರೂ ಕೆಲಸದ ನೆವ ಹೇಳಿ ಜಾಗ ಖಾಲಿ ಮಾಡಿದ್ದರು. ಅತ್ತೆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತು ಅವರೆಕಾಳು ಹಿಸುಕುತ್ತಿದ್ದರು. ನಾನೂ ಎದುರಿಗೆ ಕೂತು ಪಾತ್ರೆಗೆ ಕೈ ಹಾಕಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕಲ್ಲಿರಲಿಲ್ಲ ಅತ್ತೆ ಎಂದೆ. ಗಡ್ಡೆ ಎಂದೆ. ಆ ಹೆಸರನ್ನೂ ಹೇಳಿದೆ. ಪೈಪಿನಿಂದ ಹಳದಿ ಇಳಿಯಿತು, ಗಡ್ಡೆ ಹಾಗೆಯೇ ಇದೆ, ಡ್ರಿಪ್ಪು ಅದಕ್ಕೆ ಎಂದೆ. ಅವರು ಗೋಡೆಯ ಕಡೆ ತಿರುಗುತ್ತಾರೆ ಎಂದು ಕಾದೆ. ಅವರು ಅವರೆಕಾಳು ಹಿಸುಕುವುದನ್ನು ನಿಲ್ಲಿಸಲಿಲ್ಲ. ಕಾಳು ಮಾತ್ರ ಪಾತ್ರೆಗೆ ಬೀಳದೆ ನೆಲಕ್ಕೆ ಬೀಳುತ್ತಿತ್ತು.

ಹಿಸುಕುತ್ತಲೇ ಕೇಳಿದರು. ‘ಲಿವರ್‌ನಲ್ಲಾ?’

‘ಅಲ್ಲ ಅತ್ತೆ. ಅದ್ರ ಹತ್ರ. ಹೊಟ್ಟೆ ಹಿಂದೆ ಇನ್ನೊಂದಿದೆ.’

‘ಹಂಗಾದ್ರೆ ನಾನು ಕೊಟ್ಟಿದ್ದು?’

ನಾನು ನೆಲಕ್ಕೆ ಬಿದ್ದ ಕಾಳು ಆರಿಸತೊಡಗಿದೆ.

‘ನಂಗೆ ಸುಳ್ಳು ಹೇಳಿದ್ರಿ, ಹೋಗ್ಲಿ. ಅಷ್ಟು ದೂರ ಕರ್ಕೊಂಡೋಗಿ, ಅವಳ ಮುಂದೆ ನಿಲ್ಸಿ, ನನ್ನ ಕೈಲೂ ಸುಳ್ಳೇ ಕೊಡಿಸಿದ್ರಲ್ಲೇ? ಅವಳು ನಾನು ಕೇಳಿದ್ದನ್ನ ಮಾಡಿದ್ಲು. ನಾನು ಕೇಳಿದ್ದೇ ತಪ್ಪಾಗಿತ್ತಲ್ಲೇ.’

ಆಗ ಅವರು ಅತ್ತರು. ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅವರ ಕಾಲು ಹಿಡಿದುಕೊಂಡೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಕೈ ಬಿಡಿಸಿ, ನೇರವಾಗಿ ಕೂತರು.

‘ಇನ್ನೊಂದ್ಸಲ ಅಷ್ಟು ದೂರ ಹೋಗೋಕೆ ನನ್ನ ಕೈಲಿ ಆಗಲ್ಲ. ಇಲ್ಲಿಂದ್ಲೇ ಕೇಳ್ತೀನಿ. ಅದನ್ನ ಏನಂತಾರೆ? ಕನ್ನಡ್ದಲ್ಲಿ ಹೇಳು, ಇಂಗ್ಲಿಷ್ ನನ್ನ ಬಾಯಿಗೆ ಬರಲ್ಲ.’

‘ಮೇದೋಜೀರಕ ಗ್ರಂಥಿ ಅತ್ತೆ.’

‘ಅಯ್ಯೋ, ಇದೂ ಬರಲ್ಲ. ಬಿಡಿಸಿ ಹೇಳು.’

ಬಿಡಿಸಿ ಹೇಳಿದೆ. ಮಕ್ಕಳಿಗೆ ಹೇಳಿಕೊಡುವ ಹಾಗೆ ಮೇ-ದೋ ಎಂದೆ, ಜೀ-ರ-ಕ ಎಂದೆ. ಅವರು ಕಾಳು ಹಿಸುಕುತ್ತಾ ಬಾಯಲ್ಲಿ ಉರು ಹೊಡೆದರು. ತಪ್ಪಿದಾಗ ತಿದ್ದಿದೆ. ಎಷ್ಟೋ ವರ್ಷದಿಂದ ಮಕ್ಕಳಿಗೆ ಆ ಪದ ಕಲಿಸಿದ್ದೇನೆ, ಅಷ್ಟು ಶ್ರದ್ಧೆಯಿಂದ ಕಲಿತವರನ್ನು ನಾನು ನೋಡಿಲ್ಲ. ನಾಳೆ ಆಸ್ಪತ್ರೆಗೆ ಹೋಗೋಣ ಎಂದೂ ಸಾಯಂಕಾಲ ಅವರೇ ಹೇಳಿದರು. ಹೋದೆವು ಕೂಡ. ಡ್ರಿಪ್ ಶುರುವಾಯಿತು, ಮೈ ತಡೆಯದೆ ಬೇಗನೆ ನಿಂತಿತು. ಆ ತಿಂಗಳುಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಅತ್ತೆ ಆ ಹೆಸರು ಕಲಿತ ದಿನ ದೀಪ ಹಚ್ಚುವ ಹೊತ್ತಿಗೆ ಮಾವ, ಗಂಡ ಇಬ್ಬರೂ ಬಂದರು. ಏನಾಯಿತು ಎಂದು ಗಂಡ ಕಣ್ಣಲ್ಲೇ ಕೇಳಿದ. ನಾನು ಉತ್ತರ ಕೊಡುವ ಮೊದಲೇ ಅತ್ತೆ ಜಪಕ್ಕೆ ಕರೆದರು. ಹಾಲ್‌ನಲ್ಲಿ ಮಾತೆಯ ಪಟದ ಮುಂದೆ ಎಲ್ಲರೂ ಚಾಪೆಯ ಮೇಲೆ ಕೂತೆವು. ಜಪಸರ ಶುರು ಮಾಡುವ ಮುಂಚೆ ಒಬ್ಬೊಬ್ಬರೂ ತಮ್ಮ ಬೇಡಿಕೆಯನ್ನು ಬಾಯಿಬಿಟ್ಟು ಹೇಳುತ್ತಾರೆ. ಮಾವ ಯಾವಾಗಲೂ ಹೇಳುವ ಹಾಗೆ ಮನೆಯವರೆಲ್ಲರ ಆರೋಗ್ಯಕ್ಕಾಗಿ ಎಂದರು. ಆಮೇಲೆ ಅತ್ತೆ ಕೈ ಮುಗಿದರು.

‘ಅಮ್ಮಾ, ನನ್ನ ಮೇದೋ’ ಎಂದು ನಿಂತು, ನನ್ನ ಕಡೆ ನೋಡಿದರು.

‘ಜೀರಕ’ ಎಂದೆ.

‘ಮೇದೋಜೀರಕ ಗ್ರಂಥೀಲಿ ಕ್ಯಾನ್ಸರ್ ಆಗಿದೆಯಂತೆ. ಅದನ್ನ ವಾಸಿ ಮಾಡು. ಹೋದ್ಸಲ ನಂಗೆ ಗೊತ್ತಿರ್ಲಿಲ್ಲ, ತಪ್ಪು ಹೇಳಿ ನಿನ್ನ ಕೈಲಿ ಬೇರೆ ಕೆಲ್ಸ ಮಾಡಿಸ್ಬಿಟ್ಟೆ. ಕ್ಷಮ್ಸು.’

ಮಾವನ ಕೈಯಿಂದ ಜಪಸರ ಜಾರಿ ಚಾಪೆಯ ಮೇಲೆ ಬಿತ್ತು. ‘ನಮೋ ಮರಿಯಾ’ ಎಂದು ಮೊದಲ ಮಣಿಯನ್ನು ಅವರೇ ಶುರು ಮಾಡಬೇಕು. ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅತ್ತೆ ಬಗ್ಗಿ ಜಪಸರವನ್ನು ಎತ್ತಿ ಮಾವನ ಕೈಗಿಟ್ಟು, ಅವರ ಬೆರಳನ್ನು ಅದರ ಮೇಲೆ ಮಡಿಸಿದರು.

‘ನಮೋ ಮರಿಯಾ ಅನ್ರೀ. ನಿಮ್ಮ ಸರದಿ. ನಾನು ಕೇಳಿದ್ದಾಯ್ತಲ್ಲ.’